ವೈ.ವಿ. ರಾವ್ ಅವರ ಮೂಕಿ ಚಿತ್ರಗಳು ಏನಾದವು?

ನಿರ್ದೇಶಕ ವೈ.ವಿ. ರಾವ್ ಅವರ ಮೂಕಿ ಚಿತ್ರಗಳನ್ನು ಇಂದು ನೋಡಲು ಏಕೆ ಸಿಗುವುದಿಲ್ಲ, ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ಹಿಂದೆ ಟೆಂಟ್ ಸಿನಿಮಾ ನಡೆಸಿದವರ ಮನೆಗಳಲ್ಲಾದರೂ ಒಂದು ಸುರುಳಿ ಉಳಿದಿರಬಹುದೇ ಎಂಬುದು ಕೇಳುಗರು ಮತ್ತೆ ಮತ್ತೆ ಎತ್ತುವ ಪ್ರಶ್ನೆ. ಅವರ ವೃತ್ತಿ 'ಸತಿ ಸುಲೋಚನಾ'ದಿಂದ ಶುರುವಾಯಿತೆಂಬ ರೂಢಿಯ ಮಾತನ್ನು ಮೊದಲು ಬಿಡಬೇಕು. 1903ರಲ್ಲಿ ನೆಲ್ಲೂರಿನಲ್ಲಿ ಹುಟ್ಟಿದ ಯರಗುಡಿಪಾಟಿ ವರದ ರಾವ್ 'ಗರುಡ ಗರ್ವಭಂಗಂ' ಮೊದಲಾದ ಮೂಕಿ ಚಿತ್ರಗಳಲ್ಲಿ ನಟಿಸಿ, 1930ರಲ್ಲಿ 'ಪಾಂಡವ ನಿರ್ವಾಣ'ವನ್ನೂ 1932ರಲ್ಲಿ ಗುಬ್ಬಿ ವೀರಣ್ಣನವರು ನಟಿಸಿದ 'ಹರಿಮಾಯಾ'ವನ್ನೂ ನಿರ್ದೇಶಿಸಿದ ಮೇಲೆಯೇ, 1934ರ ಮಾರ್ಚ್ 3ರಂದು ತೆರೆಕಂಡ ಆ ಮೊದಲ ಕನ್ನಡ ವಾಕ್ಚಿತ್ರಕ್ಕೆ ನಿರ್ದೇಶಕರೂ ಲಕ್ಷ್ಮಣನ ಪಾತ್ರಧಾರಿಯೂ ಆದರು.

ಮೂಕಿ ಚಿತ್ರಗಳು ಕಳಪೆಯಾಗಿದ್ದುದರಿಂದ ಯಾರೂ ಉಳಿಸಿಕೊಳ್ಳಲಿಲ್ಲ ಎಂಬುದೂ ಆಧಾರವಿಲ್ಲದ ಮಾತು. ಅವು ಹಾಳಾದದ್ದಕ್ಕೆ ಮುಖ್ಯ ಕಾರಣ ಫಿಲ್ಮಿನಲ್ಲೇ ಇದೆ. ಆ ಕಾಲದ ಫಿಲ್ಮ್ ಸೆಲ್ಯುಲೋಸ್ ನೈಟ್ರೇಟಿನದು, ಅಂದರೆ ಹತ್ತಿಯ ನಾರನ್ನು ಆಮ್ಲದಲ್ಲಿ ಸಂಸ್ಕರಿಸಿ ಕರ್ಪೂರ ಬೆರೆಸಿದ ವಸ್ತು; ಸೆಕೆಗೂ ತೇವಕ್ಕೂ ಸಿಕ್ಕಾಗ ಅದು ತಾನಾಗಿಯೇ ಅನಿಲ ಬಿಡುತ್ತದೆ, ಆ ಅನಿಲ ತೇವದೊಡನೆ ಕೂಡಿ ನೈಟ್ರಿಕ್ ಆಮ್ಲವಾಗುತ್ತದೆ, ಆ ಆಮ್ಲ ಫಿಲ್ಮನ್ನು ಇನ್ನೂ ಬೇಗ ಕೊಳೆಸಿ ಇನ್ನಷ್ಟು ಅನಿಲ ಹೊರಡಿಸುತ್ತದೆ. ಶ್ರೀನಿವಾಸಪುರದ ಮಂಡಿಯಲ್ಲಿ ಕೊಳೆತ ಒಂದು ಮಾವು ಇಡೀ ಬುಟ್ಟಿಯನ್ನು ಕೆಡಿಸುವಂತೆ, ಕೆಟ್ಟ ಒಂದು ಸುತ್ತು ಪಕ್ಕದ ಸುತ್ತುಗಳನ್ನೂ ಕೆಡಿಸುತ್ತದೆ. ಚಿತ್ರ ಮೊದಲು ಮಸುಕಾಗಿ ಕಂದುಹಳದಿಗೆ ತಿರುಗುತ್ತದೆ, ಬಳಿಕ ಸುತ್ತುಗಳು ಅಂಟಿಕೊಂಡು ನೊರೆಯಂಥ ಗುಳ್ಳೆ ಏಳುತ್ತದೆ, ಕೊನೆಗೆ ಡಬ್ಬದಲ್ಲಿ ಉಳಿಯುವುದು ಕಂದು ಪುಡಿ ಮಾತ್ರ. ಭದ್ರವಾಗಿರಲೆಂದು ಮುಚ್ಚಳ ಬಿಗಿದಷ್ಟೂ ಕೇಡು ಹೆಚ್ಚು. ಮತ್ತೊಮ್ಮೆ ಹೇಳಬೇಕಾದ ಮಾತೆಂದರೆ, ಫಿಲ್ಮನ್ನು ಕೊಲ್ಲುವುದು ಒಳಗೆ ಸಿಕ್ಕಿಬಿದ್ದ ಅದರದೇ ಅನಿಲ. ಫಿಲ್ಮ್ ಹೊತ್ತಿಕೊಂಡರೆ ಉರಿಗೆ ಬೇಕಾದ ಆಮ್ಲಜನಕವೂ ಅದರಲ್ಲೇ ಇರುವುದರಿಂದ ನೀರಿನೊಳಗೂ ಉರಿಯುತ್ತದೆ. ಇಷ್ಟರಿಂದಲೂ ತಪ್ಪಿಸಿಕೊಂಡ ಎಷ್ಟೋ ಸುರುಳಿಗಳನ್ನು ಅವುಗಳಲ್ಲಿದ್ದ ಬೆಳ್ಳಿಗಾಗಿ ಕರಗಿಸಲಾಯಿತು.

ದಕ್ಷಿಣ ಭಾರತದ ಮೂಕಿ ಚಿತ್ರಗಳಲ್ಲಿ ಹೆಚ್ಚುಕಡಿಮೆ ಇಡಿಯಾಗಿ ಉಳಿದದ್ದು 1933ರ 'ಮಾರ್ತಾಂಡವರ್ಮ' ಒಂದೇ, ಅದೂ ಹಕ್ಕುಸ್ವಾಮ್ಯದ ವ್ಯಾಜ್ಯದಿಂದ ಮೂಲ ಪುಸ್ತಕದ ಪ್ರಕಾಶಕರ ಕೈಸೇರಿ, 1974ರಲ್ಲಿ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೆ ಬಂದದ್ದರಿಂದ. ಅದರ ನಿರ್ದೇಶಕರು ಪಿ.ವಿ. ರಾವ್, ಹೆಸರಿನ ಹೋಲಿಕೆಯಿಂದ ಅದನ್ನು ವೈ.ವಿ. ರಾವ್ ಅವರ ಲೆಕ್ಕಕ್ಕೆ ಸೇರಿಸುವುದು ತಪ್ಪು. 'ಸತಿ ಸುಲೋಚನಾ' ಕೂಡ ಇಂದು ಸಿಗುವುದಿಲ್ಲ.

ಆದ್ದರಿಂದ ಅಟ್ಟದ ಮೇಲೆ ಹಳೆಯ ಡಬ್ಬ ಸಿಕ್ಕವರು ಸುರುಳಿಯನ್ನು ಬಿಚ್ಚದೆ, ಬೆಂಕಿ ಹಚ್ಚಿ ಪರೀಕ್ಷಿಸದೆ, ಒಲೆ ಮತ್ತು ಬಿಸಿಲಿನಿಂದ ದೂರವಾಗಿ ಗಾಳಿಯಾಡುವ ತಂಪು ಜಾಗದಲ್ಲಿ ಇಟ್ಟು ಪುಣೆಯ ಸಂಗ್ರಹಾಲಯಕ್ಕೆ ತಿಳಿಸಬೇಕು. ಸುರುಳಿಯನ್ನು ತಾವೇ ಅಂಚೆಯಲ್ಲಾಗಲಿ ಬಸ್ಸಿನಲ್ಲಾಗಲಿ ಕಳಿಸಬಾರದು.