ಓದಿದ್ದರಲ್ಲಿ ಏನಿತ್ತು, ಮಗು?

(ಜುಮಾ ಖುತುಬಾದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ ಮೀಸಲು. ಅವನ ಅನುಗ್ರಹ ಮತ್ತು ಶಾಂತಿ ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬದವರ ಮತ್ತು ಸಹಾಬಿಗಳ ಮೇಲೆ ಇರಲಿ.

ಆದರಣೀಯ ಸಹೋದರರೇ, ಇಂದು ಮೊದಲು ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕಿದೆ. ಮಾಗಡಿ ಕಡೆಯ ಒಬ್ಬ ಸಹೋದರರು ಬಂದು ಕೇಳಿದ್ದರು: "ಹಜರತ್, ಮಗ ಕುಣಿಗಲ್‌ನಲ್ಲಿ ಅಜ್ಜಿ ಮನೆಯಲ್ಲಿದ್ದುಕೊಂಡು ಐದನೇ ತರಗತಿ ಓದುತ್ತಿದ್ದಾನೆ. ನಮ್ಮ ಜಿಲ್ಲೆಯ ನವೋದಯಕ್ಕೆ ಪರೀಕ್ಷೆ ಬರೆಸಬಹುದಾ?" ಯಾರೋ ಹೇಳಿದ್ದನ್ನು ನೆನಪಿಟ್ಟುಕೊಂಡಿದ್ದ ನಾನು, "ಧಾರಾಳವಾಗಿ ಬರೆಸಿ" ಎಂದುಬಿಟ್ಟೆ. ಹುಡುಗ ಐದು ತಿಂಗಳು ಕೂತು ಓದಿದ. ಅರ್ಜಿಗೆ ಸಹಿ ಹಾಕಿಸಲು ಹೋದಾಗ ಮುಖ್ಯೋಪಾಧ್ಯಾಯರು ಪ್ರಕಟಣೆ ತೆರೆದು ತೋರಿಸಿದರು. ಯಾವ ಜಿಲ್ಲೆಯ ವಿದ್ಯಾಲಯಕ್ಕೆ ಅರ್ಜಿ ಹಾಕುತ್ತೇವೋ ಮಗು ಅದೇ ಜಿಲ್ಲೆಯ ನಿವಾಸಿಯಾಗಿರಬೇಕು, ಅಲ್ಲಿಯೇ ಐದನೇ ತರಗತಿ ಓದುತ್ತಿರಬೇಕು. ಕುಣಿಗಲ್ ಮಾಗಡಿಗೆ ಹತ್ತಿರವೇ, ಆದರೆ ಸೇರುವುದು ತುಮಕೂರು ಜಿಲ್ಲೆಗೆ. ಐದನೇ ತರಗತಿಯ ಅವಕಾಶ ಮುಗಿದರೆ ಮುಗಿಯಿತು, ಆ ಪರೀಕ್ಷೆ ಎರಡನೇ ಸಲ ಇಲ್ಲ.

ಆ ತಂದೆ ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ಆ ಪ್ರಕಟಣೆ ನನ್ನ ಮೊಬೈಲ್‌ನಲ್ಲೇ ಇತ್ತು, ಸಹೋದರರೇ. ಹತ್ತು ಜನರಿಗೆ ಫಾರ್ವರ್ಡ್ ಮಾಡಿದ್ದೆ. ಓದಿರಲಿಲ್ಲ.

ಸುದ್ದಿ ಬಂದಾಗ ವಿಚಾರಿಸಿ ಖಚಿತಪಡಿಸಿಕೊಳ್ಳಬೇಕೆಂದು, ಇಲ್ಲವಾದರೆ ತಿಳಿಯದೆ ಇನ್ನೊಬ್ಬರಿಗೆ ಹಾನಿ ಮಾಡಿ ಪಶ್ಚಾತ್ತಾಪ ಪಡಬೇಕಾದೀತೆಂದು ಸೂರಃ ಅಲ್ ಹುಜುರಾತ್‌ನ 6ನೇ ವಚನ ಎಚ್ಚರಿಸುತ್ತದೆ. ಆ ವಚನ ಕೆಟ್ಟವನು ತಂದ ಸುದ್ದಿಯ ಕುರಿತದ್ದು. ನನಗೆ ಹೇಳಿದವರು ಒಳ್ಳೆಯವರೇ. ಆದರೂ ಹಾನಿಯಾಯಿತು, ಪಶ್ಚಾತ್ತಾಪವೂ ಉಳಿಯಿತು.

ಇನ್ನು ಮಕ್ಕಳ ವಿಷಯ. ನವೋದಯ ಪರೀಕ್ಷೆ ಎರಡು ಗಂಟೆಯದು, 80 ಪ್ರಶ್ನೆ, 100 ಅಂಕ. ಮಾನಸಿಕ ಸಾಮರ್ಥ್ಯಕ್ಕೆ 50, ಗಣಿತಕ್ಕೆ 25, ಭಾಷೆಗೆ 25. ಭಾಷೆಯಲ್ಲಿ ವ್ಯಾಕರಣ ಕೇಳುವುದಿಲ್ಲ, ಪ್ರಬಂಧ ಬರೆಸುವುದಿಲ್ಲ. ನಾಲ್ಕು ಗದ್ಯಭಾಗ, ಒಂದೊಂದಕ್ಕೂ ಐದು ಪ್ರಶ್ನೆ, ಅರ್ಧ ಗಂಟೆ. ಅರ್ಜಿಯಲ್ಲಿ ಆರಿಸಿಕೊಂಡ ಭಾಷೆಯಲ್ಲೇ ಪತ್ರಿಕೆ ಬರುತ್ತದೆ, ಆದ್ದರಿಂದ ಮಗು ನಿಜವಾಗಿ ಓದಿ ತಿಳಿಯುವ ಭಾಷೆಯನ್ನೇ ಬರೆಯಿಸಿ. ಗಣಿತಕ್ಕೆ ಕೋಚಿಂಗ್ ದುಡ್ಡು ಕಟ್ಟುವವರು ಭಾಷೆ ತಾನಾಗಿ ಬರುತ್ತದೆ ಅಂದುಕೊಳ್ಳುತ್ತಾರೆ. ಬರುವುದಿಲ್ಲ. ಉತ್ತರ ಕಣ್ಣ ಮುಂದಿನ ಕಾಗದದಲ್ಲೇ ಇರುವ 25 ಅಂಕವನ್ನು ನಮ್ಮ ಮಕ್ಕಳು ಬಿಟ್ಟು ಬರುತ್ತಾರೆ.

ಕಾರಣ ನಮ್ಮ ಮದ್ರಸದಲ್ಲೂ ಇದೆ, ಮುಚ್ಚಿಡುವುದಿಲ್ಲ. ಮಕ್ಕಳಿಗೆ ನಾವು ಮೊದಲು ಕಲಿಸುವುದು ಉಚ್ಚಾರಣೆ. ಕುರ್‌ಆನ್ ಪಾರಾಯಣಕ್ಕೆ ಪುಣ್ಯವಿದೆ, ಅದರಲ್ಲಿ ಸಂಶಯವಿಲ್ಲ. ಆದರೆ ಅದೇ ಕುರ್‌ಆನ್ ತನ್ನ ವಚನಗಳ ಬಗ್ಗೆ ಆಲೋಚಿಸಲು ಮತ್ತೆ ಮತ್ತೆ ಹೇಳುತ್ತದೆ. ಕನ್ನಡ ಪಾಠವನ್ನೂ ಮಕ್ಕಳು ಸಬಕ್ ಒಪ್ಪಿಸಿದಂತೆ ಗಡಗಡ ಓದುತ್ತಾರೆ. ನಿಲ್ಲಿಸಿ, "ಓದಿದ್ದರಲ್ಲಿ ಏನಿತ್ತು?" ಎಂದರೆ ಮುಖ ನೋಡುತ್ತಾರೆ.

ಮೊನ್ನೆ ನಾನೇ ಒಂದು ಗದ್ಯಭಾಗ ಬರೆದು ಕೊಟ್ಟೆ: "ಚನ್ನಪಟ್ಟಣದ ಕುಶಲಕರ್ಮಿಗಳು ಒಣಗಿದ ಆಲೆ ಮರವನ್ನು ಕಡೆದು ಗೊಂಬೆ ಮಾಡುತ್ತಾರೆ. ಮರ ತಿರುಗುತ್ತಿರುವಾಗಲೇ ಬಣ್ಣ ಬೆರೆಸಿದ ಅರಗನ್ನು ಒತ್ತುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಕೊನೆಗೆ ಕೇದಗೆ ಎಲೆಯಿಂದ ಉಜ್ಜಿ ಹೊಳಪು ತರುತ್ತಾರೆ." ಈ ಭಾಗದ ಪ್ರಕಾರ ಹೊಳಪು ತರಲು ಬಳಸುವುದು ಏನು ಎಂದು ಕೇಳಿದೆ. ಗೊಂಬೆ ಮಾಡುವವರ ಮನೆಯ ಹುಡುಗನೇ "ಅರಗು" ಎಂದ! ಅವನು ಹೇಳಿದ್ದು ಸುಳ್ಳಲ್ಲ, ಅರಗಿಲ್ಲದೆ ಹೊಳಪೆಲ್ಲಿ? ಆದರೆ ಪ್ರಶ್ನೆಯಲ್ಲಿದ್ದದ್ದು "ಈ ಭಾಗದ ಪ್ರಕಾರ". ತನಗೆ ಗೊತ್ತಿದ್ದದ್ದನ್ನು ಹೇಳಿದ, ಬರೆದಿದ್ದನ್ನು ನೋಡಲಿಲ್ಲ. ನಾನು ಕುಣಿಗಲ್ ವಿಷಯದಲ್ಲಿ ಮಾಡಿದ್ದೂ ಇದನ್ನೇ.

ಹಾಗಾಗಿ ಅಭ್ಯಾಸ ಹೀಗಿರಲಿ. ಮಗು ಗದ್ಯಭಾಗವನ್ನು ಒಮ್ಮೆ ಪೂರ್ತಿ ಓದಲಿ. ಆಮೇಲೆ ಪ್ರಶ್ನೆ. ಉತ್ತರ ಹೇಳಿದ ತಕ್ಷಣ "ಸರಿ" ಅನ್ನಬೇಡಿ, "ಯಾವ ಸಾಲಿನಲ್ಲಿದೆ, ಬೆರಳಿಟ್ಟು ತೋರಿಸು" ಅನ್ನಿ. ಬೆರಳಿಡಲು ಸಾಲು ಸಿಗದಿದ್ದರೆ ಅದು ಊಹೆ. ಕೆಲವು ಉತ್ತರ ಎರಡು ಸಾಲು ಕೂಡಿಸಿದರೆ ಮಾತ್ರ ಸಿಗುತ್ತದೆ, ಆಗ ಎರಡು ಬೆರಳು. ಗೊತ್ತಿಲ್ಲದ ಪದ ಬಂದರೆ ಹಿಂದುಮುಂದಿನ ಮಾತಿನಿಂದ ಅರ್ಥ ಹುಡುಕಲಿ. "ಯಾವುದು ಸರಿಯಲ್ಲ" ಎಂಬ ಪ್ರಶ್ನೆಯಲ್ಲಿ ಆ "ಅಲ್ಲ" ಕಣ್ಣು ತಪ್ಪಿಸಿಕೊಂಡು ಹೋಗುತ್ತದೆ, ಅದರ ಕೆಳಗೆ ಗೆರೆ ಎಳೆಯಲಿ.

ಪುಸ್ತಕ ಇಲ್ಲ ಎನ್ನಬೇಡಿ. ರಾಮನಗರದಲ್ಲಿ ರೀಲಿಂಗ್ ಮಾಡುವ ಮನೆಗಳಿಗೆ ಗೂಡಿನ ಮಾರುಕಟ್ಟೆಯ ಚೀಟಿ ಬರುತ್ತದೆ: ತೂಕ ಎಷ್ಟು, ದರ ಎಷ್ಟು? ಕರೆಂಟ್ ಬಿಲ್ಲು ಕೊಡಿ: ಎಷ್ಟು ಯೂನಿಟ್, ಕಟ್ಟಲು ಕೊನೆಯ ದಿನ ಯಾವುದು? ಕನಕಪುರದ ಬಸ್‌ಸ್ಟ್ಯಾಂಡಿನಲ್ಲಿ ನೀವು ಓದಿ ಹೇಳಬೇಡಿ, ಬೋರ್ಡು ನೋಡಿ ಬಸ್ ಹುಡುಕುವ ಕೆಲಸ ಮಗುವಿಗೆ ಬಿಡಿ. ಮೊರಾರ್ಜಿ ದೇಸಾಯಿ ವಸತಿ ಶಾಲೆಗೆ ಪ್ರಯತ್ನಿಸುವವರಿಗೂ ಇದು ಬೇಕಾಗುತ್ತದೆ.

"ನಮ್ಮ ಮನೆಮಾತು ಉರ್ದು, ಕನ್ನಡ ಅಷ್ಟಕ್ಕಷ್ಟೇ" ಎನ್ನುವವರಿದ್ದಾರೆ. ಝೈದ್ ಬಿನ್ ಸಾಬಿತ್(ರ)ರನ್ನು ನೆನೆಯಿರಿ. ಯಹೂದರೊಂದಿಗಿನ ಪತ್ರಗಳಿಗೆ ಬೇರೆಯವರನ್ನು ನಂಬಿ ಕೂರುವಂತಾಗಬಾರದೆಂದು ಪ್ರವಾದಿ(ಸ)ರು ಅವರ ಬರಹವನ್ನು ಕಲಿಯಲು ಆದೇಶಿಸಿದರು. ಝೈದ್(ರ) ಸುಮಾರು ಅರ್ಧ ತಿಂಗಳಲ್ಲಿ ಕಲಿತರೆಂದು ತಿರ್ಮಿದಿಯಲ್ಲಿದೆ. ಆಗ ಅವರಿನ್ನೂ ಹುಡುಗ. ನಮ್ಮ ಮನೆಗೆ ಬರುವ ಸಾಲದ ಪತ್ರ, ಪಹಣಿ, ನೋಟಿಸು ಎಲ್ಲವೂ ಕನ್ನಡದಲ್ಲೇ ಬರುತ್ತವೆ. ಅವನ್ನು ಓದಿ ಹೇಳಲು ನಾವು ಇನ್ನೂ ಯಾರದೋ ಅಂಗಡಿಯ ಮುಂದೆ ನಿಲ್ಲುತ್ತೇವೆ.

ಹಳೆಯ ಪ್ರಶ್ನೆಪತ್ರಿಕೆಗಳ ಜೆರಾಕ್ಸ್ ಮುಅದ್ದಿನ್ ಸಾಹೇಬರ ಬಳಿ ಇವೆ. ಗದ್ಯಭಾಗದ ಅಭ್ಯಾಸ ಹೆಣ್ಣುಮಕ್ಕಳಿಗೆ ಅಸರ್ ಬಳಿಕ, ಗಂಡುಮಕ್ಕಳಿಗೆ ಇಶಾ ಬಳಿಕ ಮದ್ರಸದಲ್ಲಿ ನಡೆಯಲಿದೆ. ನವೋದಯದಲ್ಲಿ ಮೂರನೇ ಒಂದು ಭಾಗ ಸೀಟು ಹೆಣ್ಣುಮಕ್ಕಳಿಗಿದೆ ಎಂದು ಮನೆಯಲ್ಲಿ ತಾಯಂದಿರಿಗೆ ತಿಳಿಸಿ. ಈ ವರ್ಷದ ಪ್ರಕಟಣೆ ಬಂದಾಗ ಪೂರ್ತಿಯಾಗಿ ಮಸೀದಿಯ ಫಲಕಕ್ಕೆ ಅಂಟಿಸುತ್ತೇವೆ. ಅದರಲ್ಲಿ ಏನಿದೆ ಎಂದು ನನ್ನನ್ನು ಕೇಳಬೇಡಿ. ಮಗುವನ್ನು ಕರೆತಂದು ಫಲಕದ ಮುಂದೆ ನಿಲ್ಲಿಸಿ ಓದಿಸಿ, ಆಮೇಲೆ ಬನ್ನಿ, ಕೂತು ಸರಿ ನೋಡೋಣ.