ಕೋಡ್ ಬದಲಾಗಿಲ್ಲ, 118 ಹೇಗೆ 139 ಆಯ್ತು?

ಪೈಥಾನ್ ಕಲೀತಿರೋ ತುಂಬಾ ಜನ ಮೊದಲು ತೆರೆಯೋದು ಜುಪಿಟರ್ ನೋಟ್‌ಬುಕ್, ಇಲ್ಲಾ ಗೂಗಲ್ ಕೊಲ್ಯಾಬ್. ಎರಡರಲ್ಲೂ ಕೋಡನ್ನ ಸೆಲ್ ಅನ್ನೋ ಪುಟ್ಟ ಪುಟ್ಟ ಚೌಕಗಳಲ್ಲಿ ಬರೀತೀವಿ. ಶಿಫ್ಟ್ ಎಂಟರ್ ಒತ್ತಿದ್ರೆ ಸೆಲ್ ರನ್ ಆಗಿ, ಉತ್ತರ ಅದರ ಕೆಳಗೇ ಬರುತ್ತೆ. ಕಲಿಯೋರಿಗೆ ಇಷ್ಟು ಆರಾಮಾದ ಜಾಗ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ. ಆದ್ರೆ ಇದೇ ಆರಾಮಲ್ಲಿ ಲೆಕ್ಕ ತಪ್ಪೋದೂ ಉಂಟು.

ಒಂದು ಅಂಗಡಿ ಬಿಲ್ ತಗೊಳ್ಳಿ. ಮೊದಲ ಸೆಲ್‌ನಲ್ಲಿ ‘ಬೆಲೆ’ ಅನ್ನೋ ವೇರಿಯಬಲ್‌ಗೆ 100 ಕೊಡ್ತೀರಿ. ಎರಡನೇ ಸೆಲ್‌ನಲ್ಲಿ ಶೇ. 18 ಜಿಎಸ್‌ಟಿ ಸೇರಿಸೋಕೆ, ಬೆಲೆಯನ್ನ 1.18ರಿಂದ ಗುಣಿಸಿ, ಉತ್ತರವನ್ನ ಮತ್ತೆ ‘ಬೆಲೆ’ ಅನ್ನೋ ಅದೇ ಹೆಸರಲ್ಲಿ ಇಡ್ತೀರಿ. ರನ್ ಮಾಡಿದ್ರೆ 118. ಸರಿ. ಈಗ ಆ ಎರಡನೇ ಸೆಲ್ಲನ್ನೇ ಇನ್ನೊಂದು ಸಲ ರನ್ ಮಾಡಿ. 139.24! ಕೋಡಲ್ಲಿ ಒಂದಕ್ಷರ ಬದಲಾಗಿಲ್ಲ, ಎರರ್ ಅಂತೂ ಇಲ್ಲವೇ ಇಲ್ಲ. ತೆರಿಗೆ ಮೇಲೆ ತೆರಿಗೆ ಬಿತ್ತು, ಗಿರಾಕಿ ಜೇಬಿಂದ 21 ರೂಪಾಯಿ ಜಾಸ್ತಿ ಹೋಯ್ತು.

ಯಾಕೆ ಹೀಗೆ? ಸೆಲ್‌ಗಳ ಹಿಂದೆ ಕರ್ನಲ್ ಅಂತ ಒಂದು ಕೆಲಸ ಮಾಡ್ತಿರುತ್ತೆ. ಅದನ್ನ ಮಂಡಿಯ ಗುಮಾಸ್ತ ಅಂದ್ಕೊಳ್ಳಿ. ನೀವು ಚೀಟಿ ಕೊಟ್ಟ ಕ್ರಮದಲ್ಲೇ ಲೆಕ್ಕ ನೆನಪಿಟ್ಕೊಳ್ತಾನೆ. ಮೇಜಿನ ಮೇಲೆ ಚೀಟಿಗಳು ಹೇಗೆ ಜೋಡಿಸಿವೆ ಅನ್ನೋದು ಅವನಿಗೆ ಬೇಕಿಲ್ಲ. ಚೀಟಿ ಹರಿದು ಹಾಕಿದ್ರೂ, ಅಂದ್ರೆ ಸೆಲ್ ಡಿಲೀಟ್ ಮಾಡಿದ್ರೂ, ಅದರ ಮೊತ್ತ ಅವನ ತಲೇಲಿ ಇದ್ದೇ ಇರುತ್ತೆ. ಸೆಲ್‌ನ ಎಡಗಡೆ ಕಂಸದಲ್ಲಿ ಒಂದು ಸಂಖ್ಯೆ ಬರುತ್ತಲ್ಲ, ಅದು ಅವನಿಗೆ ಚೀಟಿ ಸಿಕ್ಕ ಕ್ರಮ. ಮೇಲಿಂದ 1, 2, 3 ಅಂತಿದ್ರೆ ನೆಮ್ಮದಿ. 1, 7, 4 ಅಂತಿದ್ರೆ ಅನುಮಾನ ಪಡಿ.

ಇದು ಬರೀ ಹೊಸಬರ ಪಾಡಲ್ಲ. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಗಿಟ್‌ಹಬ್‌ನಲ್ಲಿದ್ದ ಲಕ್ಷಗಟ್ಟಲೆ ನೋಟ್‌ಬುಕ್‌ಗಳನ್ನ ಮತ್ತೆ ರನ್ ಮಾಡಿ ನೋಡಿದ್ರು. ಎರರ್ ಇಲ್ಲದೆ ಕೊನೆ ಮುಟ್ಟಿದ್ದು ಸುಮಾರು ಶೇ. 24. ಮೊದಲಿದ್ದ ಉತ್ತರವೇ ಮತ್ತೆ ಬಂದಿದ್ದು ಶೇ. 4ರಷ್ಟು ಮಾತ್ರ! ಬೇಕಾದ ಲೈಬ್ರರಿ ಇಲ್ಲದಿರೋದು, ಡೇಟಾ ಫೈಲ್ ಸಿಗದಿರೋದು, ಇಂಥ ಕಾರಣಗಳೂ ಅದರಲ್ಲಿವೆ. ಎಲ್ಲಾ ತಪ್ಪನ್ನೂ ಪಾಪ ಗುಮಾಸ್ತನ ತಲೆಗೆ ಕಟ್ಟೋದು ಬೇಡ.

ಬಿಲ್ ಸರಿಮಾಡೋಕೆ ದಾರಿ ಸುಲಭ. ಗುಣಿಸಿದ ಉತ್ತರಕ್ಕೆ ‘ಒಟ್ಟು’ ಅಂತ ಬೇರೆ ಹೆಸರು ಕೊಡಿ. ಆಗ ಹತ್ತು ಸಲ ರನ್ ಮಾಡಿದ್ರೂ 118 ಅಂದ್ರೆ 118. ಇನ್ನು ನೋಟ್‌ಬುಕ್ಕನ್ನ ಯಾರಿಗಾದ್ರೂ ಕಳಿಸೋ ಮುಂಚೆ, ಜುಪಿಟರ್‌ನಲ್ಲಿ ಕರ್ನಲ್ ಮೆನು, ಕೊಲ್ಯಾಬ್‌ನಲ್ಲಿ ರನ್‌ಟೈಮ್ ಮೆನು ತೆರೆದು, ರೀಸ್ಟಾರ್ಟ್ ಮಾಡಿ ಎಲ್ಲಾ ಸೆಲ್ ರನ್ ಮಾಡೋ ಆಯ್ಕೆ ಒತ್ತಿ. ಗುಮಾಸ್ತನ ನೆನಪೆಲ್ಲಾ ಅಳಿಸಿ, ಮೊದಲ ಚೀಟಿಯಿಂದ ಲೆಕ್ಕ ಶುರುವಾಗುತ್ತೆ.

ಫೋನಲ್ಲಿ ಕೊಲ್ಯಾಬ್ ಬಳಸೋರಿಗೆ ಇನ್ನೊಂದು ಮಾತು. ಬ್ರೌಸರ್ ಮುಚ್ಚಿ ಮಾರನೇ ದಿನ ತೆರೆದಾಗ, ನಿನ್ನೆಯ ಉತ್ತರಗಳು ಪರದೆ ಮೇಲೆ ಹಾಗೇ ಇರ್ತವೆ, ಆದ್ರೆ ಅಷ್ಟರಲ್ಲಿ ಸೆಷನ್ ಮುಗಿದಿರುತ್ತೆ. ನೇರ ಕೊನೇ ಸೆಲ್ ರನ್ ಮಾಡಿದ್ರೆ ‘ಬೆಲೆ’ ಅಂದ್ರೇನು ಅಂತ ಅದು ನಿಮ್ಮನ್ನೇ ಕೇಳುತ್ತೆ. ಗಾಬರಿ ಬೇಡ, ಮೇಲಿಂದ ಒಂದೊಂದೇ ರನ್ ಮಾಡ್ಕೊಂಡು ಬನ್ನಿ.