ಎಂಜಿನ್ ನಿಂತ ವಿಮಾನ ಮತ್ತು ನಮ್ಮ ಹೊಲ
(ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



ಸಂಘ ನಡೆದುಬಂದ ದಾರಿಯನ್ನು ನನಗಿಂತ ತಿಳಿದವರು ಆಗಲೇ ಹೇಳಿದ್ದಾರೆ. ನಾನು ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟವನು. ಕಾರ್ಯದರ್ಶಿಗಳು ನನ್ನನ್ನು ಕರೆದು, "ಮೇಷ್ಟ್ರೇ, ಮಂಡಕಳ್ಳಿ ಕಡೆಯಿಂದ ಪುಟ್ಟ ವಿಮಾನಗಳು ಬಂದು ಸುತ್ತುತ್ತವಲ್ಲ, ಎಂಜಿನ್ ಕೆಟ್ಟರೆ ಏನು ಗತಿ? ಅದನ್ನೇ ಹೇಳಿ" ಅಂದರು. ಪ್ರಶ್ನೆ ಸರಿಯಾಗೇ ಇದೆ. ಮಹಾರಾಜರ ಕಾಲದಲ್ಲಿ, 1940ರಲ್ಲಿ ಆದ ನಿಲ್ದಾಣ ಅದು. 2010ರಲ್ಲಿ ಹೊಸ ರೂಪ ಪಡೆಯಿತು. ನಮಗೆ ನೆರೆಮನೆ ಇದ್ದ ಹಾಗೆ.

ಎಂಜಿನ್ ನಿಂತ ತಕ್ಷಣ ವಿಮಾನ ಕಲ್ಲಿನ ಹಾಗೆ ಬೀಳುತ್ತದೆ ಅಂತ ನಾವು ತಿಳಿದಿದ್ದೇವೆ. ಅದು ತಪ್ಪು. ಚಾಮುಂಡಿಬೆಟ್ಟದ ಇಳಿಜಾರಿನಲ್ಲಿ ಸೈಕಲ್ ತುಳಿಯದೇ ಓಡುತ್ತದಲ್ಲ, ಹಾಗೇ ವಿಮಾನವೂ ತನ್ನ ಎತ್ತರವನ್ನು ಖರ್ಚುಮಾಡುತ್ತಾ ತೇಲಿ ಇಳಿಯುತ್ತದೆ. ನಾಲ್ಕು ಸೀಟಿನ ಸೆಸ್ನಾ ವಿಮಾನ ಸಾವಿರ ಅಡಿ ಮೇಲಿದ್ದರೆ, ಗಾಳಿ ಶಾಂತವಾಗಿದ್ದರೆ, ಸುಮಾರು ಎರಡೂವರೆ ಕಿ.ಮೀ. ದೂರ ಹೋಗಬಲ್ಲದು. ಆದರೆ ಸಮಯ ಸಿಗುವುದು ಒಂದೂವರೆ ನಿಮಿಷದಷ್ಟೇ. ಇನ್ನೂ ದೂರ ಹೋಗೋಣ ಅಂತ ಮೂತಿ ಎತ್ತಿದರೆ ವೇಗ ಸತ್ತು ರೆಕ್ಕೆಯ ಹಿಡಿತ ತಪ್ಪುತ್ತದೆ. ಆಗಲೇ ನಿಜವಾಗಿ ಬೀಳುವುದು. ಮೇಲೇಳುತ್ತಿರುವಾಗಲೇ ಎಂಜಿನ್ ನಿಂತರೆ ರನ್‌ವೇಗೆ ಹಿಂತಿರುಗುವ ಆಸೆ ಬಿಟ್ಟು, ಮುಂದೆ ಸಿಕ್ಕ ಬಯಲಲ್ಲಿ ಇಳಿಸು ಅಂತ ಪೈಲಟ್‌ಗಳಿಗೆ ಕಲಿಸುತ್ತಾರೆ.

ಎಂಜಿನ್ ಯಾಕೆ ನಿಲ್ಲುತ್ತದೆ? ನಮ್ಮ ಪಂಪ್‌ಸೆಟ್ ನಿಲ್ಲುವ ಕಾರಣಗಳೇ ಬಹುಪಾಲು. ಇಂಧನ ಮುಗಿಯುವುದು, ಇಂಧನದಲ್ಲಿ ನೀರು ಸೇರುವುದು, ತೇವದ ಹವೆಯಲ್ಲಿ ಕಾರ್ಬ್ಯುರೇಟರ್ ಒಳಗೆ ಮಂಜು ಕಟ್ಟುವುದು, ಯಾವುದೋ ಭಾಗ ಮುರಿಯುವುದು. ಅದಕ್ಕೇ ಹಾರುವ ಮೊದಲು ಟ್ಯಾಂಕಿನ ತಳದಿಂದ ಸ್ವಲ್ಪ ಪೆಟ್ರೋಲು ತೆಗೆದು ನೀರಿದೆಯೇ ಅಂತ ನೋಡುತ್ತಾರೆ. ಸಿಲಿಂಡರ್ ಒಂದಕ್ಕೆ ಎರಡು ಸ್ಪಾರ್ಕ್ ಪ್ಲಗ್ ಇರುತ್ತವೆ, ಒಂದು ಕೈಕೊಟ್ಟರೆ ಇನ್ನೊಂದಿರಲಿ ಅಂತ.

ನಮ್ಮ ರಾಜ್ಯದಲ್ಲೇ ಆಗಿದೆ. 2023ರ ಮೇ 30ರಂದು ಬೆಳಗಾವಿಯ ಸಾಂಬ್ರಾ ನಿಲ್ದಾಣದ ಹತ್ತಿರ, ಹೊನ್ನಿಹಾಳದ ಹೊಲದಲ್ಲಿ ಒಂದು ತರಬೇತಿ ವಿಮಾನ ತುರ್ತಾಗಿ ಇಳಿಯಿತು. ಒಳಗಿದ್ದ ಇಬ್ಬರೂ ಸಣ್ಣಪುಟ್ಟ ಗಾಯದಲ್ಲಿ ಉಳಿದರು. ಎರಡೇ ದಿನ ಬಿಟ್ಟು, ಜೂನ್ 1ರಂದು, ನಮ್ಮ ಪಕ್ಕದ ಚಾಮರಾಜನಗರ ಜಿಲ್ಲೆಯ ಭೋಗಾಪುರದ ಬಳಿ ವಾಯುಪಡೆಯ ಕಿರಣ್ ವಿಮಾನ ಬಿತ್ತು. ಅದರಲ್ಲಿದ್ದ ಇಬ್ಬರೂ ಸೀಟು ಸಮೇತ ಹೊರಗೆ ಚಿಮ್ಮಿ ಪ್ಯಾರಾಚೂಟಿನಲ್ಲಿ ಇಳಿದು ಬದುಕಿದರು. ಸಣ್ಣ ಖಾಸಗಿ ವಿಮಾನದಲ್ಲಿ ಅಂಥ ಸೀಟು ಇರುವುದಿಲ್ಲ. ಅಲ್ಲಿ ಪೈಲಟ್‌ನನ್ನು ಕಾಯುವುದು ಒಂದು ತುಂಡು ಬಯಲು. ಅಂದರೆ, ನಮ್ಮಂಥವರ ಹೊಲವೇ.

ಆತ ಮೇಲಿನಿಂದ ಏನು ಹುಡುಕುತ್ತಾನೆ? ಉದ್ದನೆಯ, ಮಟ್ಟಸ ಜಾಗ. ಗಾಳಿಗೆ ಎದುರಾಗಿ ಇಳಿಯಬೇಕು, ಆಗ ನೆಲದ ಮೇಲಿನ ಓಟ ಕಡಿಮೆ. ಉತ್ತ ಹೊಲವಾದರೆ ಸಾಲಿನ ಉದ್ದಕ್ಕೆ ಇಳಿಯುವುದು ಲೇಸು. ತೆಂಗಿನ ತೋಟ ಬೇಡ. ಅತಿ ದೊಡ್ಡ ಶತ್ರು ಕರೆಂಟ್ ತಂತಿ. ಕಂಬ ಕಂಡರೂ ತಂತಿ ಮೇಲಿಂದ ಕಾಣುವುದಿಲ್ಲ.

ಇನ್ನು ನಮ್ಮ ಪಾಲಿನ ಕೆಲಸ. ನಾನು ಇಲ್ಲಿ ನಿಂತಿರುವುದೇ ಇದನ್ನು ಹೇಳಲಿಕ್ಕೆ.

ಶಬ್ದವಿಲ್ಲದೆ ವಿಮಾನ ತಗ್ಗಿ ಬರುತ್ತಿದ್ದರೆ ಮೊಬೈಲ್ ಹಿಡಿದು ಎದುರಿಗೆ ಓಡಬೇಡಿ. ಮಕ್ಕಳನ್ನೂ ದನಕರುಗಳನ್ನೂ ಪಕ್ಕಕ್ಕೆ ಸರಿಸಿ. ಆತ ಕಂಡುಕೊಂಡ ಜಾಗದಲ್ಲಿ ಜನ ತುಂಬಿದರೆ ಆತನಿಗೆ ಬೇರೆ ಜಾಗ ಹುಡುಕಲು ಎತ್ತರವೇ ಉಳಿದಿರುವುದಿಲ್ಲ. ಇಳಿದ ಮೇಲೆ ಮೊದಲು 112ಕ್ಕೆ ಫೋನ್ ಮಾಡಿ. ಬೀಡಿ, ಬೆಂಕಿಪೊಟ್ಟಣ ದೂರವಿರಲಿ. ರೆಕ್ಕೆಯಲ್ಲಿ ಪೆಟ್ರೋಲು ಇರುತ್ತದೆ. ನಿಂತಿದ್ದರೂ ಮುಂದಿನ ಫ್ಯಾನನ್ನು ಮುಟ್ಟಬೇಡಿ, ಅದು ತಿರುಗಿಬಿಡಬಹುದು. ಹೊಗೆ, ಬೆಂಕಿ ಇದ್ದರೆ ಒಳಗಿನವರನ್ನು ಕೂಡಲೇ ಎಳೆದು ತನ್ನಿ. ಇಲ್ಲವಾದರೆ ಗಾಯಾಳುವಿನ ಕತ್ತು, ಬೆನ್ನು ಅಲುಗಿಸದೆ ಆಂಬುಲೆನ್ಸ್‌ಗೆ ಕಾಯಿರಿ. ದಾರಿ ಬಿಡಿ. ನೆನಪಿಗೆ ಇರಲಿ ಅಂತ ಒಂದು ತುಂಡನ್ನೂ ಮನೆಗೆ ಒಯ್ಯಬೇಡಿ. ತಪ್ಪು ಎಲ್ಲಾಯಿತು ಅಂತ ತನಿಖೆಯವರಿಗೆ ಹೇಳುವುದು ಆ ತುಂಡುಗಳೇ.

ಕೊನೆಯದಾಗಿ, ಕೋಳಿ ಅಂಗಡಿಯ ತ್ಯಾಜ್ಯವನ್ನು ರಸ್ತೆ ಬದಿಗೆ ಸುರಿಯಬೇಡಿ. ಅದಕ್ಕೆ ಹದ್ದುಗಳು ಸೇರುತ್ತವೆ. 2009ರ ಜನವರಿ 15ರಂದು ನ್ಯೂಯಾರ್ಕಿನಲ್ಲಿ ಹಕ್ಕಿಗಳು ಬಡಿದು ದೊಡ್ಡ ವಿಮಾನದ ಎರಡೂ ಎಂಜಿನ್ ಕೈಕೊಟ್ಟು, ಅದು ಹಡ್ಸನ್ ನದಿಯ ಮೇಲೆ ಇಳಿಯಬೇಕಾಯಿತು. 155 ಜನರೂ ಬದುಕಿದ್ದು ಪೈಲಟ್‌ನ ಜಾಣ್ಮೆಯಿಂದ, ಜೊತೆಗೆ ತಕ್ಷಣ ದೋಣಿ ತಂದವರಿಂದ.

ಒಬ್ಬನ ಕಷ್ಟಕ್ಕೆ ಹತ್ತು ಜನ ಆಗುವುದೇ ಸಹಕಾರ ಅಂತ ಈ ಸಂಘ ಇಪ್ಪತ್ತೈದು ವರ್ಷ ಹೇಳಿಕೊಟ್ಟಿದೆ. ಆ ಕಷ್ಟ ಆಕಾಶದಿಂದ ಇಳಿದು ಬಂದರೂ ನಾವು ಅದೇ ಸಂಘದವರಾಗಿರೋಣ.